ಬೋರ್ಡು ತೆಗೆದವರು ಯಾರು? ಬೇರ್ಪಾಟಿನ ಸಿನಿಮಾಗಳನ್ನು ಮಗಳ ಜೊತೆ ನೋಡುವಾಗ

ಸಂಜೆಮಲ್ಲಿಗೆ | ಭಾನುವಾರ, ಬೆಳಿಗ್ಗೆ 10.15

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮಗಳ ಜೊತೆ ‘ಹಿಡನ್ ಫಿಗರ್ಸ್’ ನೋಡಿದೆ. ಅವಳಿಗೆ 13 ವರ್ಷ. ನಾಸಾದಲ್ಲಿ ಲೆಕ್ಕ ಮಾಡುತ್ತಿದ್ದ ಮೂವರು ಕಪ್ಪು ಹೆಣ್ಣುಮಕ್ಕಳ ಕಥೆ ಅದು, 2016ರಲ್ಲಿ ಬಂದದ್ದು. ಅದರಲ್ಲಿ ಕ್ಯಾಥರೀನ್ ಜಾನ್ಸನ್ ಕೈತುಂಬ ಫೈಲು ಹಿಡಿದುಕೊಂಡು, ಮಳೆಯಲ್ಲಿ ನೆನೆದುಕೊಂಡು, ಕಪ್ಪು ಜನರಿಗೆ ಅಂತ ಮೀಸಲಾದ ಶೌಚಾಲಯಕ್ಕೆ ದಿನಾ ಅರ್ಧ ಮೈಲಿ ಓಡುತ್ತಾರೆ. ಒಂದು ದಿನ ತಡೆಯಲಾಗದೆ ಎಲ್ಲರೆದುರು ಸಿಡಿದು ಮಾತಾಡುತ್ತಾರೆ. ಆಮೇಲೆ ಬಿಳಿ ಬಾಸ್ ಒಂದು ಹಾರೆ ತಗೊಂಡು ಬಂದು ಆ ಶೌಚಾಲಯದ ಬೋರ್ಡನ್ನು ಹೊಡೆದು ಬೀಳಿಸುತ್ತಾನೆ. ಮಗಳು ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಇವತ್ತು ಬೆಳಿಗ್ಗೆ ಅವಳು ಕೇಳಿದಳು, “ಅಮ್ಮ, ಬೋರ್ಡು ಒಡೆದವರು ನಿಜವಾಗಲೂ ಇದ್ರಾ?” ಹುಡುಕಿ ನೋಡಿದೆ. ಆ ಬಾಸ್ ಪಾತ್ರ ಹಲವರನ್ನು ಸೇರಿಸಿ ಕಟ್ಟಿದ್ದು. ಹಾರೆಯ ಘಟನೆ ನಡೆದೇ ಇಲ್ಲ.

ನನಗೆ ಬೇಜಾರಾಯಿತು. ಮಗಳಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ಜನರನ್ನು ಬೇರೆ ಮಾಡಿ ಇಟ್ಟಿದ್ದರ ಬಗ್ಗೆ ಅವಳಿಗೆ ಇನ್ನೂ ಯಾವ ಸಿನಿಮಾ ತೋರಿಸಬಹುದು? ಸುಮ್ನೆ ಕಣ್ಣೀರು ಹಾಕಿಸುವಂಥದ್ದು ಬೇಡ.

ಹಳೆ ಮೇಷ್ಟ್ರು | ಭಾನುವಾರ, ಬೆಳಿಗ್ಗೆ 11.02

ಮೇಡಂ, ನಾನು ಇತಿಹಾಸ ಕಲಿಸುತ್ತಿದ್ದವನು. ಮಗಳಿಗೆ ಧೈರ್ಯವಾಗಿ ಹೇಳಿ, ಯಾಕೆಂದರೆ ನಿಜವಾಗಿ ನಡೆದದ್ದು ಸಿನಿಮಾದಲ್ಲಿರುವುದಕ್ಕಿಂತ ಚೆನ್ನಾಗಿದೆ.

ಮೊದಲನೆಯದು, ಕ್ಯಾಥರೀನ್ ಜಾನ್ಸನ್ ಹಾಗೆ ಓಡಲೇ ಇಲ್ಲ. ಅವರು ತಮ್ಮ ಕಟ್ಟಡದಲ್ಲೇ ಇದ್ದ, ಬೋರ್ಡಿಲ್ಲದ ಶೌಚಾಲಯಕ್ಕೆ ಹೋಗುತ್ತಿದ್ದರು. ಅದು ಬಿಳಿಯರಿಗೆ ಅಂತ ಇದ್ದದ್ದು. ಗೊತ್ತಾದ ಮೇಲೂ ಹೋಗುವುದನ್ನು ಬಿಡಲಿಲ್ಲ. ಶೌಚಾಲಯ ಎಲ್ಲಿ ಅಂತ ಕೇಳಿ ಅವಮಾನ ಅನುಭವಿಸಿದವರು ಆ ಮೂವರಲ್ಲಿ ಇನ್ನೊಬ್ಬರಾದ ಮೇರಿ ಜಾಕ್ಸನ್. ಸಿನಿಮಾ ಆ ಅವಮಾನವನ್ನು ಕ್ಯಾಥರೀನ್ ತಲೆಗೆ ಕಟ್ಟಿತು. ಇನ್ನೊಂದು ವಿಷಯ, 1958ರಲ್ಲಿ ನಾಸಾ ಹುಟ್ಟಿದಾಗಲೇ ಇವರೆಲ್ಲ ಕೆಲಸ ಮಾಡುತ್ತಿದ್ದ ಲ್ಯಾಂಗ್ಲಿ ಕೇಂದ್ರದಲ್ಲಿ ಕಪ್ಪು ಹೆಣ್ಣುಮಕ್ಕಳ ಪ್ರತ್ಯೇಕ ವಿಭಾಗ ಮುಚ್ಚಿತ್ತು. ಸಿನಿಮಾದ ಕಥೆ ನಡೆಯುವುದು 1961ರಲ್ಲಿ.

ಈಗ ಬೋರ್ಡಿನ ವಿಷಯಕ್ಕೆ ಬರೋಣ. ಒಂದು ಬೋರ್ಡನ್ನು ನಿಜವಾಗಲೂ ಒಬ್ಬರು ತೆಗೆದಿದ್ದರು. ಅವರ ಹೆಸರು ಮಿರಿಯಂ ಮ್ಯಾನ್. 1943ರಲ್ಲಿ ಲ್ಯಾಂಗ್ಲಿಗೆ ಸೇರಿದ ಕಪ್ಪು ಹೆಣ್ಣುಮಗಳು. ಆಗ ಕೈಯಲ್ಲಿ ಲೆಕ್ಕ ಮಾಡುವವರನ್ನೇ ಕಂಪ್ಯೂಟರ್ ಅನ್ನುತ್ತಿದ್ದರು. ಊಟದ ಹಾಲಿನ ಹಿಂಭಾಗದ ಒಂದು ಮೇಜಿನ ಮೇಲೆ ‘ಕಪ್ಪು ಕಂಪ್ಯೂಟರ್‌ಗಳು’ ಅಂತ ಒಂದು ಪುಟ್ಟ ಫಲಕ ಇಟ್ಟಿರುತ್ತಿದ್ದರು. ಮಿರಿಯಂ ಅದನ್ನು ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡರು. ಕೆಲವು ದಿನಕ್ಕೆ ಹೊಸ ಫಲಕ ಬಂತು. ಅದನ್ನೂ ಹಾಕಿಕೊಂಡರು. ಮತ್ತೊಂದು ಬಂತು, ಅದೂ ಹೋಯಿತು. ಕೊನೆಗೆ ಫಲಕ ಇಡುವವರೇ ಸುಸ್ತಾಗಿ ನಿಲ್ಲಿಸಿದರು. ಸಿನಿಮಾಕ್ಕೆ ಮೂಲವಾದ ಮಾರ್ಗೋ ಲೀ ಶೆಟರ್ಲಿ ಅವರ ಪುಸ್ತಕದಲ್ಲಿ ಇದೆಲ್ಲ ಇದೆ. ಸಿನಿಮಾದಲ್ಲಿ ಇಲ್ಲ.

ಟೂರಿಂಗ್ ಟಾಕೀಸ್ | ಭಾನುವಾರ, ಬೆಳಿಗ್ಗೆ 11.40

ಮೇಷ್ಟ್ರೇ, ಫಲಕದ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಮೈ ಜುಂ ಅಂತು.

ಆದರೂ ಸಿನಿಮಾದ ಪರವಾಗಿ ಒಂದು ಮಾತು. ಆ ಮೂವರ ಹೆಸರು ಪ್ರಪಂಚದ ತುಂಬ ಜನಕ್ಕೆ ತಲುಪಿದ್ದು ಈ ಸಿನಿಮಾದಿಂದಲೇ ಅಲ್ವಾ? ಅಕ್ಕ ಮತ್ತು ಅವರ ಮಗಳು ಇವತ್ತು ಹುಡುಕಲು ಕೂತದ್ದೂ ಅದರಿಂದಲೇ. ದೊಡ್ಡ ಪರದೆಗೆ ದೊಡ್ಡ ದೃಶ್ಯ ಬೇಕಾಗುತ್ತದೆ. ಬ್ಯಾಗಿನೊಳಗೆ ಸದ್ದಿಲ್ಲದೆ ಹೋಗುವ ಫಲಕಕ್ಕಿಂತ ಹಾರೆಯ ಏಟು ಜೋರಾಗಿ ಕೇಳಿಸುತ್ತದೆ.

ಹಳೆ ಮೇಷ್ಟ್ರು | ಭಾನುವಾರ, ಮಧ್ಯಾಹ್ನ 12.05

ಟಾಕೀಸ್ ಸರ್, ದೃಶ್ಯ ದೊಡ್ಡದಾಗಲಿ, ನನ್ನ ತಕರಾರಿಲ್ಲ. ಹಾರೆಯನ್ನು ಯಾರ ಕೈಗೆ ಕೊಟ್ಟರು ಅನ್ನುವುದಷ್ಟೇ ನನ್ನ ಪ್ರಶ್ನೆ. ಬೇಕಿದ್ದರೆ ಮಿರಿಯಂ ಕೈಗೇ ಕೊಡಬಹುದಿತ್ತು.

ಇದು ಒಂದು ಸಿನಿಮಾದ ಕಥೆಯಲ್ಲ. ‘ಮಿಸಿಸಿಪ್ಪಿ ಬರ್ನಿಂಗ್’ ನೋಡಿ, 1988ರದ್ದು. 1964ರ ಜೂನ್‌ನಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಮೂವರು ಹುಡುಗರನ್ನು ಕೊಂದರು. ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದವರು ಅವರು. 44 ದಿನ ಆದ ಮೇಲೆ ಒಂದು ಮಣ್ಣಿನ ಒಡ್ಡಿನ ಕೆಳಗೆ ಹೆಣ ಸಿಕ್ಕವು. ಆ ಬೇಸಿಗೆಯಲ್ಲಿ ಅಲ್ಲಿನ ಕಪ್ಪು ಜನರೇ ಜೀವ ಒತ್ತೆಯಿಟ್ಟು ಹೋರಾಡುತ್ತಿದ್ದರು. ಸಿನಿಮಾದಲ್ಲಿ ಹೀರೋಗಳು ಯಾರು? ಇಬ್ಬರು ಬಿಳಿ ಎಫ್‌ಬಿಐ ಅಧಿಕಾರಿಗಳು. ಕಪ್ಪು ಜನ ಹೆದರಿಕೊಂಡು ಜಗುಲಿಯಲ್ಲಿ ಕೂತಿರುತ್ತಾರೆ, ಅಷ್ಟೇ. ನಟನೆ, ಛಾಯಾಗ್ರಹಣ ಎಲ್ಲ ಅದ್ಭುತ. ಅದಕ್ಕೇ ಹೆಚ್ಚು ನೋವಾಗುತ್ತದೆ.

‘ಕ್ರೈ ಫ್ರೀಡಂ’ನಲ್ಲೂ ಹೀಗೇ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಕಪ್ಪು ನಾಯಕ ಸ್ಟೀವ್ ಬಿಕೊ 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತರು. ಸಿನಿಮಾ ಅವರದ್ದು ಅಂದುಕೊಂಡು ಕೂತರೆ, ಅರ್ಧ ಆಗುವಷ್ಟರಲ್ಲಿ ಅವರು ಹೋಗಿಬಿಡುತ್ತಾರೆ. ಉಳಿದದ್ದು ಅವರ ಬಿಳಿ ಗೆಳೆಯ, ಪತ್ರಕರ್ತ ಡೊನಾಲ್ಡ್ ವುಡ್ಸ್ ದೇಶ ಬಿಟ್ಟು ತಪ್ಪಿಸಿಕೊಳ್ಳುವ ಕಥೆ.

ಅರ್ಧ ಟಿಕೆಟ್ | ಭಾನುವಾರ, ಮಧ್ಯಾಹ್ನ 1.20

ನನಗೆ ಇನ್ನೊಂದು ಅನ್ನಿಸುತ್ತದೆ. ಹೊರಗಿಟ್ಟವರನ್ನು ಒಳಗೆ ಬಿಟ್ಟುಕೊಳ್ಳೋದಕ್ಕೆ ಸಿನಿಮಾಗಳು ಯಾವಾಗಲೂ ಒಂದು ಪರೀಕ್ಷೆ ಇಡುತ್ತವೆ, ಗಮನಿಸಿದ್ದೀರಾ?

‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ತಗೊಳ್ಳಿ. ಬಿಳಿ ಹುಡುಗಿ, ಕಪ್ಪು ಹುಡುಗ, ಮದುವೆ ಆಗಬೇಕು ಅಂತಾರೆ. ಹುಡುಗ ಸಿಡ್ನಿ ಪೊಯ್ಟಿಯರ್. ಅವನು ಡಾಕ್ಟರು. ಬರೀ ಡಾಕ್ಟರಲ್ಲ, ದೊಡ್ಡ ದೊಡ್ಡ ಹುದ್ದೆಯಲ್ಲಿದ್ದವನು. ಮಾತು ಮೃದು, ನಡತೆಯಲ್ಲಿ ಒಂದು ಚುಕ್ಕೆಯಿಲ್ಲ. ಹುಡುಗಿಯ ತಂದೆ ತಾಯಿ ಬೇಡ ಅಂದರೆ ತಾನು ಮದುವೆಯೇ ಆಗಲ್ಲ ಅಂತ ತಾನಾಗಿ ಹೇಳುತ್ತಾನೆ. ಇಷ್ಟಾದ ಮೇಲೂ ಅವರು ಇಡೀ ಸಿನಿಮಾ ಯೋಚನೆ ಮಾಡುತ್ತಾರೆ! ಸಾಮಾನ್ಯ ಕೆಲಸದ ಒಬ್ಬ ಸಾಮಾನ್ಯ ಹುಡುಗ ಬಂದಿದ್ದರೆ?

ಈಗ ನಮ್ಮ ಕಡೆಯ ‘ಸುಜಾತಾ’ ನೋಡಿ. ಬಿಮಲ್ ರಾಯ್ 1959ರಲ್ಲಿ ಮಾಡಿದ್ದು. ಬ್ರಾಹ್ಮಣರ ಮನೆಯಲ್ಲಿ ಬೆಳೆದ ಅಸ್ಪೃಶ್ಯ ಜಾತಿಯ ಹುಡುಗಿ. ಮನೆಯ ತಾಯಿ ಅವಳನ್ನು ಕೊನೆಯವರೆಗೂ ಮಗಳು ಅಂತ ಪೂರ್ತಿಯಾಗಿ ಒಪ್ಪಲ್ಲ. ಯಾವಾಗ ಒಪ್ಪುತ್ತಾಳೆ? ತಾನೇ ಬಿದ್ದು ಪೆಟ್ಟಾಗಿ ರಕ್ತ ಬೇಕಾದಾಗ. ಸುಜಾತಾಳ ರಕ್ತವೇ ಹೊಂದುತ್ತದೆ. ರಕ್ತ ಕೊಟ್ಟ ಮೇಲೆ ಅವಳು ಮಗಳಾಗುತ್ತಾಳೆ.

ನೂತನ್ ಅಭಿನಯ ನನಗೆ ತುಂಬ ಇಷ್ಟ. ಎಷ್ಟೋ ಸಲ ನೋಡಿದ್ದೇನೆ. ಆದರೆ ಈಚೆಗೆ ಆ ಆಸ್ಪತ್ರೆಯ ದೃಶ್ಯ ಬಂದಾಗ, ರಕ್ತ ಹೊಂದದೇ ಹೋಗಿದ್ದರೆ ಇವಳ ಗತಿ ಏನಾಗುತ್ತಿತ್ತು ಅಂತ ಯೋಚನೆ ಬರುತ್ತದೆ. ನಾಸಾ ಸಿನಿಮಾದಲ್ಲೂ ಅಷ್ಟೇ ಅಲ್ವಾ? ರಾಕೆಟ್ಟಿನ ಲೆಕ್ಕ ಸರಿಯಾಗಿ ಮಾಡಿದ್ದಕ್ಕೆ ಶೌಚಾಲಯ ಸಿಕ್ಕಿತು. ಲೆಕ್ಕ ಬಾರದವರಿಗೂ ಶೌಚಾಲಯ ಬೇಕಲ್ಲ.

ಟೂರಿಂಗ್ ಟಾಕೀಸ್ | ಭಾನುವಾರ, ಮಧ್ಯಾಹ್ನ 2.10

ರಕ್ತದ ಮಾತು ಸರಿಯಾಗಿ ಹೇಳಿದಿರಿ. ನಾನು ಅದನ್ನು ಹಾಗೆ ನೋಡಿರಲೇ ಇಲ್ಲ.

ಆದರೆ ಆ ಡಾಕ್ಟರ್ ಯಾಕೆ ಅಷ್ಟು ನಯವಾಗಿದ್ದ ಅನ್ನುವುದಕ್ಕೆ ಆ ಕಾಲವನ್ನೂ ನೋಡಬೇಕು. ಹಾಲಿವುಡ್‌ಗೆ ಹೇಸ್ ಕೋಡ್ ಅಂತ ಒಂದು ನಿಯಮಾವಳಿ ಇತ್ತು. 1930ರಲ್ಲಿ ಬಂದದ್ದು, 1934ರಿಂದ ಬಿಗಿಯಾಗಿ ಜಾರಿಯಾಯಿತು. ಕಪ್ಪು ಮತ್ತು ಬಿಳಿ ಜನರ ನಡುವಿನ ಪ್ರೇಮ ಸಂಬಂಧವನ್ನು ತೋರಿಸುವಂತೆಯೇ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಹೊರಗಿಡುವ ಕೆಲಸವನ್ನು ಸಿನಿಮಾ ಉದ್ಯಮವೇ ಮಾಡುತ್ತಿತ್ತು! ಇನ್ನು ಕಾನೂನು. ಬಿಳಿ ಗಂಡ, ಕಪ್ಪು ಹೆಂಡತಿಯಾದ ಲವಿಂಗ್ ದಂಪತಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 1967ರ ಜೂನ್ 12ರಂದು. ಅವತ್ತಿನವರೆಗೂ 16 ರಾಜ್ಯಗಳಲ್ಲಿ ಇಂಥ ಮದುವೆ ಅಪರಾಧ. ಸಿನಿಮಾದ ಶೂಟಿಂಗ್ ಅದಕ್ಕೂ ಮೊದಲೇ ಮುಗಿದಿತ್ತು. ತಂದೆಯ ಪಾತ್ರ ಮಾಡಿದ ಸ್ಪೆನ್ಸರ್ ಟ್ರೇಸಿ ಜೂನ್ 10ರಂದು ತೀರಿಕೊಂಡರು. ಆ ಮದುವೆಗೆ ಒಪ್ಪಿಗೆ ಕೊಡುವ ಅಷ್ಟುದ್ದದ ಮಾತು ಅವರ ಕೊನೆಯ ಸಿನಿಮಾದ್ದು. ತೀರ್ಪು ಬಂದದ್ದು ಅವರು ಹೋಗಿ ಎರಡು ದಿನಕ್ಕೆ.

ಅಕ್ಕ, ನೀವು ಪೊಯ್ಟಿಯರ್ ಸಿನಿಮಾ ತೋರಿಸುವುದಾದರೆ ಅದೇ ವರ್ಷದ ‘ಇನ್ ದ ಹೀಟ್ ಆಫ್ ದ ನೈಟ್’ ತೋರಿಸಿ. ಅದರಲ್ಲಿ ಅವನು ಪೊಲೀಸ್ ಪತ್ತೇದಾರ. ಹತ್ತಿ ತೋಟದ ಬಿಳಿ ಯಜಮಾನ ಅವನ ಕೆನ್ನೆಗೆ ಹೊಡೆಯುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇವನು ತಿರುಗಿ ಹೊಡೆಯುತ್ತಾನೆ. ಯೋಚನೆಯಿಲ್ಲ, ಭಾಷಣವಿಲ್ಲ. ಕಥೆ ನಡೆಯುವುದು ಮಿಸಿಸಿಪ್ಪಿಯಲ್ಲಿ, ಆದರೆ ಬಹುತೇಕ ಶೂಟಿಂಗ್ ನಡೆದದ್ದು ಉತ್ತರದ ಇಲಿನಾಯ್ ರಾಜ್ಯದಲ್ಲಿ. ದಕ್ಷಿಣಕ್ಕೆ ಹೋಗಲು ಪೊಯ್ಟಿಯರ್ ಒಪ್ಪಲಿಲ್ಲ. 1964ರಲ್ಲಿ ಮಿಸಿಸಿಪ್ಪಿಯ ಹೋರಾಟಗಾರರಿಗೆ ದುಡ್ಡು ತಲುಪಿಸಲು ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಹೋಗಿದ್ದಾಗ, ಕಪ್ಪು ಜನರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು ಅವರ ಬೆನ್ನು ಹತ್ತಿತ್ತು. ಪರದೆಯ ಮೇಲೆ ತಿರುಗಿ ಹೊಡೆದ ಮನುಷ್ಯನಿಗೆ ನಿಜವಾದ ಆ ಊರಲ್ಲಿ ಒಂದು ರಾತ್ರಿ ನೆಮ್ಮದಿಯಾಗಿ ಮಲಗಲು ಆಗುತ್ತಿರಲಿಲ್ಲ.

ನೀಲಿ ಶಾಯಿ | ಭಾನುವಾರ, ಸಂಜೆ 5.30

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಬೋರ್ಡು ಇದ್ದರೆ ಒಡೆಯಬಹುದು, ಇಲ್ಲ ಬ್ಯಾಗಿಗೆ ಹಾಕಿಕೊಳ್ಳಬಹುದು. ನಾನು ಓದಿದ ಶಾಲೆಯಲ್ಲಿ ಬೋರ್ಡು ಇರಲಿಲ್ಲ. ನನ್ನನ್ನೂ ಇನ್ನಿಬ್ಬರನ್ನೂ ಯಾವಾಗಲೂ ಕೊನೆಯ ಬೆಂಚಿಗೆ ಕಳಿಸುತ್ತಿದ್ದರು. ನನಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಮುಂದೆ ಕೂರುತ್ತೇನೆ ಅಂತ ಕೇಳಿದೆ. “ಅಲ್ಲೇ ಕೂತ್ಕೋ” ಅಂದರು. ಯಾಕೆ ಅಂತ ತರಗತಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅದಕ್ಕೇ ನನಗೆ ಈ ವಿಷಯದಲ್ಲಿ ಸಿನಿಮಾ ಅಂದರೆ ‘ಫ್ಯಾಂಡ್ರಿ’. ನಾಗರಾಜ ಮಂಜುಳೆ ಅವರ ಮೊದಲ ಪೂರ್ಣ ಪ್ರಮಾಣದ ಮರಾಠಿ ಚಿತ್ರ, 2013ರದ್ದು. ಜಬ್ಯಾ ಅನ್ನುವ ಹುಡುಗ ತನ್ನ ತರಗತಿಯ ಹುಡುಗಿಯನ್ನು ದೂರದಿಂದಲೇ ಇಷ್ಟಪಡುತ್ತಿರುತ್ತಾನೆ. ಅವನ ಮನೆಯವರು ಊರಿನ ಹಂದಿ ಹಿಡಿಯಬೇಕು. ಒಂದು ದಿನ ಶಾಲೆಯ ಪಕ್ಕದಲ್ಲೇ ಹಿಡಿಯಬೇಕಾಗಿ ಬರುತ್ತದೆ. ಅವನ ಜೊತೆ ಓದುವವರೆಲ್ಲ ನಿಂತು ನೋಡಿ ನಗುತ್ತಾರೆ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನಿಂತುಬಿಡುತ್ತಾನೆ. ಅವನ ಅಪ್ಪ, ಅಮ್ಮ, ಅಕ್ಕ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಹಂದಿ ಓಡಿಹೋಗುತ್ತದೆ.

ಕೊನೆಗೆ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತುಕೊಂಡು ಹೋಗುವಾಗ ಹಿಂದೆ ಶಾಲೆಯ ಗೋಡೆ ಕಾಣುತ್ತದೆ. ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಚಿತ್ರಗಳು. ಯಾರೂ ಏನೂ ಹೇಳುವುದಿಲ್ಲ. ಹಂದಿ ಆ ಚಿತ್ರಗಳ ಮುಂದೆಯೇ ಹಾದುಹೋಗುತ್ತದೆ.

ಇಲ್ಲಿ ಜಬ್ಯಾ ಯಾರ ಜೀವವನ್ನೂ ಉಳಿಸುವುದಿಲ್ಲ. ರಕ್ತ ಕೊಡುವುದಿಲ್ಲ. ತರಗತಿಗೆ ಮೊದಲು ಬರುವುದಿಲ್ಲ. ಅವನಿಗೊಂದು ಜೀನ್ಸ್ ಪ್ಯಾಂಟ್ ಬೇಕು, ಆ ಹುಡುಗಿ ಒಂದು ಸಲ ತಿರುಗಿ ನೋಡಬೇಕು. ಅಷ್ಟೇ. ಆ ಅಷ್ಟೇ ಅನ್ನುವುದನ್ನು ಗೌರವದಿಂದ ತೋರಿಸಿದ ಮೊದಲ ಸಿನಿಮಾ ನನ್ನ ಮಟ್ಟಿಗೆ ಅದು.

ಅರ್ಧ ಟಿಕೆಟ್ | ಭಾನುವಾರ, ಸಂಜೆ 6.15

ಬರೆದದ್ದಕ್ಕೆ ಧನ್ಯವಾದ. ನಾನು ಓದಿದ ತರಗತಿಯಲ್ಲೂ ಕೊನೆಯ ಬೆಂಚು ಇತ್ತು. ಅಲ್ಲಿ ಯಾರು ಕೂರುತ್ತಿದ್ದರು ಅಂತ ಈಗ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಾನು ಯಾವತ್ತೂ ಕೇಳಿರಲಿಲ್ಲ.

ಒಂದು ಪ್ರಶ್ನೆ. ‘ಚೋಮನ ದುಡಿ’ ಬಗ್ಗೆ ನಿಮಗೇನನ್ನಿಸುತ್ತದೆ? ಅದೂ ಹೊರಗಿನವರು ಮಾಡಿದ್ದೇ ಅಲ್ವಾ?

ನೀಲಿ ಶಾಯಿ | ಭಾನುವಾರ, ರಾತ್ರಿ 8.05

ಅದನ್ನು ನಾನು ತಳ್ಳಿಹಾಕುವುದಿಲ್ಲ. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಚೋಮನಿಗೆ ಬೇಕಾದದ್ದು ಒಂದೇ, ಸ್ವಂತಕ್ಕೆ ಒಂದು ತುಂಡು ಭೂಮಿ. ಎತ್ತು ಇದೆ, ಕೈಯಲ್ಲಿ ಕಸುವಿದೆ. ಆದರೆ ಅವನ ಜಾತಿಯವನು ಬೇಸಾಯ ಮಾಡುವಂತಿಲ್ಲ. ಅವನ ಮಗ ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಜನ ಇರುತ್ತಾರೆ. ಮುಟ್ಟಬಾರದು ಅಂತ ಯಾರೂ ಇಳಿಯುವುದಿಲ್ಲ. ವಾಸುದೇವ ರಾವ್ ಅವರ ಮುಖ ನೋಡುತ್ತಾ ನಾನು ಅತ್ತಿದ್ದೇನೆ. ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ.

ಆದರೂ ಒಂದು ವ್ಯತ್ಯಾಸ ಇದೆ. ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ನಾವು ಹೊರಗೆ ನಿಂತು ಕೇಳುತ್ತೇವೆ, ಮರುಗುತ್ತೇವೆ. ಜಬ್ಯಾ ಕೊನೆಯಲ್ಲಿ ಕಲ್ಲು ತಗೊಂಡು ಬೀಸುತ್ತಾನೆ. ಆ ಕಲ್ಲು ನೇರವಾಗಿ ಕ್ಯಾಮೆರಾ ಕಡೆ ಬರುತ್ತದೆ. ಪರದೆ ಕಪ್ಪಾಗುತ್ತದೆ. ಅಲ್ಲಿ ಮರುಗಲು ಜಾಗವಿಲ್ಲ. ಮಂಜುಳೆ ಆ ಬದುಕಿನಿಂದಲೇ ಬಂದವರು. ಕಲ್ಲು ಯಾವ ಕಡೆ ಹೋಗಬೇಕು ಅಂತ ಅವರಿಗೆ ಗೊತ್ತಿತ್ತು.

ಟೂರಿಂಗ್ ಟಾಕೀಸ್ | ಭಾನುವಾರ, ರಾತ್ರಿ 9.30

ಒಳಗಿನವರೇ ಕ್ಯಾಮೆರಾ ಹಿಡಿದದ್ದು ಇತ್ತೀಚೆಗೆ ಮಾತ್ರ ಅಂದುಕೊಳ್ಳುವುದು ಬೇಡ. 1915ರಲ್ಲಿ ಗ್ರಿಫಿತ್ ‘ದ ಬರ್ತ್ ಆಫ್ ಎ ನೇಷನ್’ ಮಾಡಿದ. ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ರಾಕ್ಷಸರಂತೆ ತೋರಿಸಿದರು. ಶ್ವೇತಭವನದಲ್ಲೂ ಅದರ ಪ್ರದರ್ಶನ ನಡೆಯಿತು. ಅದೇ ವರ್ಷ ಕು ಕ್ಲಕ್ಸ್ ಕ್ಲಾನ್ ಮತ್ತೆ ಹುಟ್ಟಿಕೊಂಡಿತು.

ಐದು ವರ್ಷಕ್ಕೆ, 1920ರಲ್ಲಿ, ಆಸ್ಕರ್ ಮಿಶೋ ಎಂಬ ಕಪ್ಪು ನಿರ್ದೇಶಕ ‘ವಿದಿನ್ ಅವರ್ ಗೇಟ್ಸ್’ ಮಾಡಿದರು. ಕಪ್ಪು ಕುಟುಂಬವೊಂದನ್ನು ಬಿಳಿ ಗುಂಪು ಹಿಡಿದು ಕೊಲ್ಲುವುದನ್ನು ಅದರಲ್ಲಿ ಬಚ್ಚಿಡದೆ ತೋರಿಸಿದರು. ಶಿಕಾಗೋದ ಸೆನ್ಸಾರ್ ಮಂಡಳಿ ಮೊದಲು ಬಿಡಲಿಲ್ಲ. ಹಿಂದಿನ ವರ್ಷ ಅಲ್ಲಿ ದೊಡ್ಡ ಗಲಭೆ ಆಗಿತ್ತು. ಆಮೇಲೆ ಆ ಸಿನಿಮಾ ಕಳೆದೇಹೋಯಿತು. ಎಷ್ಟೋ ದಶಕ ಆದ ಮೇಲೆ ಸ್ಪೇನಿನಲ್ಲಿ ಒಂದು ಪ್ರತಿ ಸಿಕ್ಕಿತು. ಕಪ್ಪು ನಿರ್ದೇಶಕರ ಕಥಾಚಿತ್ರಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯದು ಅದೇ.

ಸಿನಿಮಾ ಮಂದಿರವೂ ಬೇರೆ ಬೇರೆಯೇ ಆಗಿತ್ತು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಪ್ರೇಕ್ಷಕರು ಪಕ್ಕದ ಮೆಟ್ಟಿಲು ಹತ್ತಿ ಬಾಲ್ಕನಿಗೆ ಹೋಗಬೇಕಿತ್ತು. 1939ರ ಡಿಸೆಂಬರ್‌ನಲ್ಲಿ ‘ಗಾನ್ ವಿತ್ ದ ವಿಂಡ್’ ಅಟ್ಲಾಂಟಾದಲ್ಲಿ ಬಿಡುಗಡೆಯಾದಾಗ ಅದರಲ್ಲಿ ನಟಿಸಿದ್ದ ಹ್ಯಾಟಿ ಮ್ಯಾಕ್‌ಡೇನಿಯಲ್ ಆ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಅವರಿಗೆ ಆಸ್ಕರ್ ಬಂತು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಆ ರಾತ್ರಿಯೂ ಅವರನ್ನು ಸಹನಟರ ಜೊತೆ ಕೂರಿಸಲಿಲ್ಲ, ಗೋಡೆ ಪಕ್ಕದ ಸಣ್ಣ ಮೇಜಿನಲ್ಲಿ ಕೂರಿಸಿದರು. ಅಲ್ಲಿಂದ ಎದ್ದು ಬಂದು ಪ್ರಶಸ್ತಿ ತಗೊಂಡರು. ನೀಲಿ ಶಾಯಿಯವರ ಕೊನೆಯ ಬೆಂಚು ಓದಿದಾಗ ನನಗೆ ಈ ಮೇಜು ನೆನಪಾಯಿತು.

ಮರಳು ಗಡಿಯಾರ | ಸೋಮವಾರ, ಬೆಳಿಗ್ಗೆ 7.45

13 ವರ್ಷದ ಮಗು ಅಂದಿರಲ್ಲ, ‘ರ‍್ಯಾಬಿಟ್ ಪ್ರೂಫ್ ಫೆನ್ಸ್’ ಮರೆಯಬೇಡಿ. 2002ರ ಆಸ್ಟ್ರೇಲಿಯಾ ಚಿತ್ರ, ನಿಜವಾಗಿ ನಡೆದದ್ದು. 1931ರಲ್ಲಿ ಮೂಲನಿವಾಸಿಗಳ ಮೂವರು ಹುಡುಗಿಯರನ್ನು ತಾಯಂದಿರಿಂದ ಕಿತ್ತುಕೊಂಡು ದೂರದ ಸರ್ಕಾರಿ ವಸತಿಗೆ ಹಾಕುತ್ತಾರೆ. ಮಾಲಿ, ಡೈಸಿ, ಗ್ರೇಸಿ. ದೊಡ್ಡವಳಿಗೆ 14 ವರ್ಷ. ಅವರು ಅಲ್ಲಿಂದ ತಪ್ಪಿಸಿಕೊಂಡು, ಮೊಲಗಳನ್ನು ತಡೆಯಲು ಹಾಕಿದ ಉದ್ದನೆಯ ಬೇಲಿಯನ್ನೇ ದಾರಿ ಮಾಡಿಕೊಂಡು, 1,500 ಕಿಲೋಮೀಟರಿಗೂ ಜಾಸ್ತಿ ನಡೆಯುತ್ತಾರೆ. ಇಲ್ಲಿ ಯಾರೂ ಬಂದು ಕಾಪಾಡುವುದಿಲ್ಲ. ಮಾಲಿಯ ಬುದ್ಧಿಯೇ ಕಾಪಾಡುತ್ತದೆ.

ಕೊನೆಯಲ್ಲಿ ಮುದುಕಿಯರಾದ ನಿಜವಾದ ಮಾಲಿ ಮತ್ತು ಡೈಸಿ ಬರುತ್ತಾರೆ. ಮಾಲಿಯನ್ನು ದೊಡ್ಡವಳಾದ ಮೇಲೂ ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆ ಮತ್ತೆ ಹಿಡಿದುಕೊಂಡು ಹೋದರು. ಆಕೆ ಮತ್ತೆ ನಡೆದುಕೊಂಡು ಬಂದರು, ಕೈಗೂಸನ್ನು ಎತ್ತಿಕೊಂಡು. ಆ ಕೂಸನ್ನೂ ಆಮೇಲೆ ಕಿತ್ತುಕೊಂಡರು. ಆ ಹೊತ್ತಿಗೆ ಮಗಳ ಪಕ್ಕದಲ್ಲಿ ಕೂತಿರಿ. ನನ್ನ ಮಗ ಆ ರಾತ್ರಿ ನನ್ನ ಕೈ ಬಿಡಲಿಲ್ಲ.

ಸಂಜೆಮಲ್ಲಿಗೆ | ಮುಂದಿನ ಭಾನುವಾರ, ರಾತ್ರಿ 9.50

ಎಲ್ಲರಿಗೂ ಮನಸಾರೆ ಧನ್ಯವಾದ. ಮಗಳಿಗೆ ಮಿರಿಯಂ ಮ್ಯಾನ್ ವಿಷಯ ಹೇಳಿದೆ. ಮೊದಲು ಅವಳಿಗೆ ಸಿಟ್ಟು ಬಂತು, “ಹಾಗಾದ್ರೆ ಸಿನಿಮಾದಲ್ಲಿ ಅವರನ್ನು ಯಾಕೆ ಹಾಕಲಿಲ್ಲ?” ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿನ್ನೆ ‘ಫ್ಯಾಂಡ್ರಿ’ ನೋಡಿದೆವು. ರಾಷ್ಟ್ರಗೀತೆ ಬಂದಾಗ ಅವಳು ನಗಲು ಹೋದವಳು ತಡೆದುಕೊಂಡಳು. ಕಲ್ಲು ಬಂದು ಪರದೆ ಕಪ್ಪಾದಾಗ ಅವಳು ಹಿಂದಕ್ಕೆ ಸರಿದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, “ನಾವೂ ಅವನನ್ನು ನೋಡ್ತಾ ಕೂತಿದ್ವಿ ಅಂತ ಹೊಡೆದನಾ?” ನೀಲಿ ಶಾಯಿಯವರೇ, ನೀವು ಬರೆದದ್ದನ್ನು ನಾನು ಅವಳಿಗೆ ಮೊದಲೇ ಹೇಳಿರಲಿಲ್ಲ.

ಮೇಷ್ಟ್ರಿಗೆ ಅವಳದೊಂದು ಪ್ರಶ್ನೆ ಇದೆ. ಫಲಕ ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದಾಗ ಮಿರಿಯಂ ಮನೆಯಲ್ಲಿ ಏನೂ ಅನ್ನಲಿಲ್ವಾ? ಅವರಿಗೆ ಹೆದರಿಕೆ ಆಗಲಿಲ್ವಾ?

ನೀಲಿ ಶಾಯಿ | ಮುಂದಿನ ಭಾನುವಾರ, ರಾತ್ರಿ 10.20

ಅವಳ ಪ್ರಶ್ನೆಯನ್ನು ಎರಡು ಸಲ ಓದಿದೆ. ಜಬ್ಯಾ ಪಾತ್ರ ಮಾಡಿದ ಸೋಮನಾಥ ಅವಘಡೆಗೆ ಅತ್ಯುತ್ತಮ ಬಾಲನಟ ರಾಷ್ಟ್ರ ಪ್ರಶಸ್ತಿ ಬಂತು ಅಂತ ಅವಳಿಗೆ ಹೇಳಿ. ನಟನೆ ಕಲಿತು ಬಂದ ಹುಡುಗನಲ್ಲ ಅವನು.

ಹಳೆ ಮೇಷ್ಟ್ರು | ಮುಂದಿನ ಭಾನುವಾರ, ರಾತ್ರಿ 10.35

ಮಗಳ ಪ್ರಶ್ನೆಗೆ ಶೆಟರ್ಲಿ ಅವರ ಪುಸ್ತಕದಲ್ಲೇ ಉತ್ತರ ಇದೆ. ಗಂಡ ವಿಲಿಯಂ ಅವರಿಗೆ ಗಾಬರಿಯಾಗಿತ್ತು. ಈ ಫಲಕದ ದೆಸೆಯಿಂದ ನಿನ್ನನ್ನು ಕೆಲಸದಿಂದ ತೆಗೆಯುತ್ತಾರೆ ಅಂತ ಎಚ್ಚರಿಸಿದರು. ತೆಗೆಯುವುದಾದರೆ ತೆಗೆಯಲಿ ಅನ್ನುವ ಅರ್ಥದಲ್ಲಿ ಮಿರಿಯಂ ಉತ್ತರ ಕೊಟ್ಟರು. ಮತ್ತೆ ಫಲಕ ಬಂದಾಗ ಮತ್ತೆ ತೆಗೆದುಕೊಂಡು ಬಂದರು.

ಸಂಜೆಮಲ್ಲಿಗೆ | ಮುಂದಿನ ಭಾನುವಾರ, ರಾತ್ರಿ 10.41

ಇನ್ನೂ ಮಲಗಿಲ್ಲ ಅವಳು. ಈಗಲೇ ಓದಿ ಹೇಳುತ್ತೇನೆ.